ಐದು 50 ಎಂಎಂ ಲೆನ್ಸ್ ಕೂಡಿಬಿಟ್ಟಿವೆ, ಯಾವುದನ್ನ ಇಟ್ಟುಕೊಳ್ಳಲಿ?

ತೊಗರಿ ಕಣಜ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರೀ. ನನ್ನ ಹತ್ತಿರ ಇರುವುದು ಒಂದೇ ಕ್ಯಾಮೆರಾ, ಕೆನಾನ್ 6ಡಿ. ಆದರೆ ಅದಕ್ಕೆ 50ರ ಆಸುಪಾಸಿನ ಲೆನ್ಸ್ ಮಾತ್ರ ಐದು ಇವೆ. ಮೊದಲು ತಗೊಂಡಿದ್ದು ಪ್ಲಾಸ್ಟಿಕ್‌ನ 50 ಎಫ್/1.8, ಎರಡನೇ ಆವೃತ್ತಿ (ಎಫ್ ಮುಂದಿನ ಅಂಕಿ ಸಣ್ಣದಾದಷ್ಟೂ ಲೆನ್ಸ್ ಹೆಚ್ಚು ತೆರೆದು ಹೆಚ್ಚು ಬೆಳಕು ಬಿಡುತ್ತದೆ). ಆಮೇಲೆ ಅದರದೇ ಹೊಸ ಮೋಟರಿನ ಎಸ್‌ಟಿಎಂ ಬಂತು, ಫೋಕಸ್ ಸದ್ದು ಕಡಿಮೆ ಅಂತ ಅದನ್ನೂ ತಗೊಂಡೆ. ಗೆಳೆಯನೊಬ್ಬ ಸ್ಟುಡಿಯೋ ಮುಚ್ಚುವಾಗ 50 ಎಫ್/1.4 ಯುಎಸ್‌ಎಂ (ಇದೂ ಒಂದು ಬಗೆಯ ಫೋಕಸ್ ಮೋಟರಿನ ಹೆಸರು) ಕೈಗಿಟ್ಟ, ಬೇಡ ಅನ್ನಲು ಆಗಲಿಲ್ಲ. ನಂತರ ಹಳೆ ಲೆನ್ಸ್ ಹುಚ್ಚು ಹಿಡಿಯಿತು. ರಷ್ಯಾದ ಹೀಲಿಯೋಸ್ 44-2 ಬಂತು, ಅದು 58 ಎಂಎಂ ಎಫ್/2. ಕೊನೆಗೆ ಪೆಂಟಾಕ್ಸ್‌ನ ಸೂಪರ್ ಟಕುಮಾರ್ 50 ಎಫ್/1.4. ಇದರ ಗಾಜು ಚಹಾದ ಬಣ್ಣಕ್ಕೆ ತಿರುಗಿದೆ.

ರೊಕ್ಕದ ತಾಪತ್ರಯ ಅಲ್ಲ. ತಾಪತ್ರಯ ಏನಂದರೆ ಮನೆಯಿಂದ ಹೊರಡುವಾಗ ಯಾವುದು ಹಾಕಲಿ ಅಂತ ಕೂತುಬಿಡುತ್ತೇನೆ. ಎರಡು ಚೀಲಕ್ಕೆ ಹಾಕುತ್ತೇನೆ, ಬಾಗಿಲ ತನಕ ಹೋಗಿ ವಾಪಸ್ ಬಂದು ಮೂರನೆಯದನ್ನೂ ಹಾಕುತ್ತೇನೆ. ಕೋಟೆಗೆ ಹೋಗಿ ನೋಡಿದರೆ ಅಲ್ಲಿ ಬೇಕಾಗಿದ್ದು ಅಗಲ ನೋಟದ ವೈಡ್ ಲೆನ್ಸ್, ಅದೊಂದೇ ನನ್ನ ಹತ್ತಿರ ಇಲ್ಲ.

ಎರಡನ್ನು ಇಟ್ಟುಕೊಂಡು ಮೂರು ಕೊಡಬೇಕು ಅಂತಿದ್ದೇನೆ. ನಾನು ತೆಗೆಯುವುದು ಹಳೇ ಕಟ್ಟಡ, ಜಾತ್ರೆ, ಮನೆ ಮಕ್ಕಳು. ಮದುವೆ ಕೆಲಸ ಮಾಡುವುದಿಲ್ಲ. ಹೇಳಿ, ಯಾವ ಎರಡು?

ಚೌಬಾರಾ, ಬೀದರ್

ಪ್ಲಾಸ್ಟಿಕ್ 1.8 ಮೊದಲು ಕೊಟ್ಟುಬಿಡಿ. ಎಸ್‌ಟಿಎಂ ಇದ್ದ ಮೇಲೆ ಅದು ಯಾಕೆ ಬೇಕು? ಅದು ಕ್ಯಾಮೆರಾಕ್ಕೆ ಕೂಡುವ ಮೌಂಟ್ ಪ್ಲಾಸ್ಟಿಕ್, ಎಸ್‌ಟಿಎಂದು ಲೋಹ. ಅದರಲ್ಲಿ ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಪಟ್ಟಿ ಐದು, ಇದರಲ್ಲಿ ಏಳು. ರಾತ್ರಿ ಜಾತ್ರೆಯ ದೀಪ ಹಿಂದೆ ಬಂದಾಗ ಹಳೆಯದರಲ್ಲಿ ಐದು ಮೂಲೆಯ ಚಿಪ್ಪು ಚಿಪ್ಪು ಕಾಣುತ್ತದೆ, ಅದನ್ನ ನೋಡಿದರೆ ನನಗೆ ತಲೆ ಕೆಡುತ್ತದೆ. ಹತ್ತಿರಕ್ಕೆ ಹೋಗುವುದೂ ಎಸ್‌ಟಿಎಂನಲ್ಲೇ ಜಾಸ್ತಿ. 35 ಸೆಂಟಿಮೀಟರ್ ತನಕ ಹೋಗಬಹುದು, ಹಳೆಯದು 45ಕ್ಕೇ ನಿಲ್ಲುತ್ತದೆ. ಇದರಲ್ಲಿ ಯೋಚನೆ ಮಾಡುವಂಥದ್ದೇ ಇಲ್ಲ.

ಭೀಮಾ ದಂಡೆ, ಅಫಜಲಪುರ

ಐದೂ ಇಟ್ಟುಕೊಳ್ಳಿ ಅಣ್ಣಾ. ಅವೇನು ಊಟ ಕೇಳುತ್ತವಾ?

ಸ್ಟುಡಿಯೋ ಕಾಕಾ, ಯಾದಗಿರಿ

ಊಟ ಕೇಳುವುದಿಲ್ಲ, ಆದರೆ ಬೂಸ್ಟು ಹಿಡಿಯುತ್ತವೆ ತಮ್ಮಾ. ಉಪಯೋಗಿಸದ ಲೆನ್ಸೇ ಮೊದಲು ಹಾಳಾಗುವುದು.

ನಮ್ಮ ಕಡೆ ಒಣ ಹವೆ, ಇಲ್ಲಿ ಫಂಗಸ್ ಬರುವುದಿಲ್ಲ ಅಂತ ಎಲ್ಲರೂ ಧೈರ್ಯವಾಗಿ ಇರುತ್ತಾರೆ. ಆ ಧೈರ್ಯ ಮಾರ್ಚ್ ತನಕ ಸರಿ. ಏಪ್ರಿಲ್ ಬಂತೆಂದರೆ ಎಲ್ಲರ ಮನೆಯಲ್ಲೂ ಕೂಲರ್ ಹಚ್ಚುತ್ತಾರೆ ಅಲ್ವಾ? ನೀರು ತುಂಬಿದ ಕೂಲರ್ ಮುಂದೆ ಕಿಟಕಿ ಮುಚ್ಚಿದ ಕೋಣೆ. ಹೊರಗೆ 42 ಡಿಗ್ರಿ ಒಣ ಬಿಸಿಲು, ಒಳಗೆ ಮಂಗಳೂರು. ಅದೇ ಕೋಣೆಯ ಅಲಮಾರಿಯಲ್ಲಿ, ಚರ್ಮದ ಕೇಸಿನಲ್ಲಿ, ಬಟ್ಟೆ ನಡುವೆ ಲೆನ್ಸ್ ಇಟ್ಟಿರುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿನ ಒಳಗೆ ಬಿಳಿ ಎಳೆ ಎಳೆ ಕಾಣುತ್ತದೆ. ನನ್ನ ಕೈಗೆ ಬರುವ ಹಳೆ ಲೆನ್ಸ್‌ಗಳಲ್ಲಿ ಚರ್ಮದ ಕೇಸಿನೊಳಗೆ ಇದ್ದವೇ ಜಾಸ್ತಿ ಕೆಟ್ಟಿರುತ್ತವೆ. ಚರ್ಮ ಪಸೆ ಹಿಡಿದಿಟ್ಟುಕೊಳ್ಳುತ್ತದೆ, ಫಂಗಸ್‌ಗೆ ಅದೇ ಮನೆ.

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ, ಸಿಲಿಕಾ ಜೆಲ್ ಹಾಕಿ, ಒಂದು ಸಣ್ಣ ತೇವಾಂಶ ಮೀಟರ್ ಇಡಿ. 40ರಿಂದ 50 ಪರ್ಸೆಂಟ್ ನಡುವೆ ಇದ್ದರೆ ಚಿಂತೆ ಇಲ್ಲ. ಯಾವುದು ಇಟ್ಟುಕೊಳ್ಳಬೇಕು ಅನ್ನುವುದು ಆಮೇಲಿನ ಮಾತು. ಮೊದಲು ಐದನ್ನೂ ಹೊರಗೆ ತೆಗೆದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಫಂಗಸ್ ಇರುವುದು ಸಿಕ್ಕರೆ ಅರ್ಧ ನಿರ್ಧಾರ ಅಲ್ಲೇ ಆಗುತ್ತದೆ.

ಸುಸಲಾ ಮಿರ್ಚಿ, ಕಲಬುರಗಿ

ಸಿಲಿಕಾ ಜೆಲ್ ಬದಲು ಅಕ್ಕಿ ಹಾಕಿದರೆ ನಡೆಯುತ್ತದಾ ಕಾಕಾ?

ಸ್ಟುಡಿಯೋ ಕಾಕಾ, ಯಾದಗಿರಿ

ಬೇಡ. ಅಕ್ಕಿಯ ಹುಡಿ ಫೋಕಸ್ ರಿಂಗಿನ ಸಂದಿಗೆ ಹೋಗುತ್ತದೆ, ಮೇಲೆ ಹುಳ ಬೇರೆ. ಸಿಲಿಕಾ ಜೆಲ್ ಏನು ಬಂಗಾರವೇ? ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಬಿದರಿ ಬೆಳಕು, ಬೀದರ್

ತೊಗರಿ ಕಣಜ ಅವರೇ, ಫೋಟೋ ಜೋಡಿಸಿ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್ ಬಳಸುತ್ತೀರಾ? ಅದರಲ್ಲಿ ಫೋಟೋಗಳನ್ನ ಲೆನ್ಸ್ ಪ್ರಕಾರ ಬೇರೆ ಮಾಡಿ ನೋಡಬಹುದು. ಒಂದು ವರ್ಷದ್ದು ತೆಗೆದು, ನೀವೇ ಚೆನ್ನಾಗಿದೆ ಅಂತ ಗುರುತು ಹಾಕಿದ ಫೋಟೋ ಯಾವ ಲೆನ್ಸಿನವು ಅಂತ ನೋಡಿ. ಜನ ಏನೇ ಹೇಳಲಿ, ನಿಮ್ಮ ಕೈ ಯಾವುದನ್ನ ಎತ್ತಿಕೊಳ್ಳುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಚೌಬಾರಾ, ಬೀದರ್

ಮೇಡಂ, ಒಳ್ಳೇ ಉಪಾಯ, ಆದರೆ ಐದರಲ್ಲಿ ಎರಡಕ್ಕೆ ನಡೆಯುವುದಿಲ್ಲ. ಹೀಲಿಯೋಸ್, ಟಕುಮಾರ್ ಎರಡೂ ತಿರುಪಿ ಕೂಡಿಸುವ ಹಳೇ ಎಂ42 ಮೌಂಟಿನ ಲೆನ್ಸು, ಕೆನಾನ್‌ಗೆ ಅಡಾಪ್ಟರ್ ಉಂಗುರದಿಂದ ಹಾಕುವುದು. ಕ್ಯಾಮೆರಾಕ್ಕೆ ಅವು ಇರುವುದೇ ಗೊತ್ತಾಗುವುದಿಲ್ಲ. ಲೆನ್ಸಿನ ಹೆಸರು ಖಾಲಿ ಬರುತ್ತದೆ. ಚಿಪ್ ಇರುವ ಅಡಾಪ್ಟರ್ ಆದರೆ ಎಲ್ಲ ಫೋಟೋಕ್ಕೂ ಒಂದೇ ಸುಳ್ಳು ಹೆಸರು ಬರೆಯುತ್ತದೆ.

ಬಿದರಿ ಬೆಳಕು, ಬೀದರ್

ಖಾಲಿ ಬಂದವು ಎಷ್ಟು ಅಂತ ಎಣಿಸಿದರೂ ಲೆಕ್ಕ ಸಿಗುತ್ತದೆ ಅಲ್ವಾ ಸರ್? ಹಳೆಯವು ಇಷ್ಟು, ಹೊಸವು ಇಷ್ಟು ಅಂತ. ಆ ಎರಡರಲ್ಲಿ ಯಾವುದು ಅಂತ ಹಿನ್ನೆಲೆ ನೋಡಿದರೆ ತಿಳಿಯುತ್ತದೆ. ಹೀಲಿಯೋಸ್ ಅಡಗಿಕೊಳ್ಳುವ ಲೆನ್ಸ್ ಅಲ್ಲ.

ಚೌಬಾರಾ, ಬೀದರ್

ಅದೂ ಖರೆ.

ಹೊಸ ಕ್ಯಾಮೆರಾ, ಸೇಡಂ

ಹಿನ್ನೆಲೆ ನೋಡಿ ಹೇಗೆ ಗೊತ್ತಾಗುತ್ತದೆ? ನಾನು ಹೊಸಬ. ಕೆನಾನ್ 200ಡಿ, ಜೊತೆಗೆ ಬಂದ 18-55 ಇದೆ ಅಷ್ಟೇ. ಐದು 50 ಎಂಎಂ ಅಂದರೆ ಐದೂ ಒಂದೇ ಅಲ್ವಾ?

ಚೌಬಾರಾ, ಬೀದರ್

ತಮ್ಮಾ, ಇದನ್ನೇ ಕೇಳಬೇಕಿತ್ತು. ಎಫ್/5.6ಕ್ಕೆ ಇಟ್ಟರೆ ಐದೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇರುವುದು ಪೂರ್ತಿ ತೆರೆದಾಗ. ಹೀಲಿಯೋಸ್ 44-2 ಅಂದರೆ ಜರ್ಮನಿಯ ಜೈಸ್ ಬಯೋಟಾರ್ 58 ಎಫ್/2 ನೋಡಿ ರಷ್ಯಾದವರು ಮಾಡಿದ್ದು. ಜೆನಿತ್ ಕ್ಯಾಮೆರಾ ಜೊತೆ ಬರುತ್ತಿತ್ತು. ಎಫ್/2ರಲ್ಲಿ ಎರಡು ಮೀಟರ್ ದೂರದಲ್ಲಿ ಮನುಷ್ಯ ನಿಲ್ಲಿಸಿ, ಹಿಂದೆ ಬೇವಿನ ಮರ ಬರುವ ಹಾಗೆ ನೋಡಿ. ಎಲೆ ನಡುವಿನ ಬೆಳಕೆಲ್ಲ ಸುಳಿ ಹಾಕಿಕೊಂಡು ತಿರುಗಿದ ಹಾಗೆ ಬರುತ್ತದೆ. ಬರೇ ಗೋಡೆ ಇದ್ದರೆ ಏನೂ ಇಲ್ಲ. ನಿನ್ನ 200ಡಿಯ ಸೆನ್ಸರ್ ಸಣ್ಣದು, ಅಂಚು ಕತ್ತರಿಸಿ ಹೋಗುತ್ತದೆ, ಹಾಗಾಗಿ ನಿನಗೆ ಸುಳಿ ಕಡಿಮೆ ಸಿಗುತ್ತದೆ. ತೊಗರಿ ಕಣಜ ಅವರದು ದೊಡ್ಡ ಸೆನ್ಸರಿನ ಫುಲ್ ಫ್ರೇಮ್, ಪೂರ್ತಿ ಸಿಗುತ್ತದೆ.

ಸ್ಟುಡಿಯೋ ಕಾಕಾ, ಯಾದಗಿರಿ

ನಾವು ಜೆನಿತ್‌ನಲ್ಲಿ ರೋಲ್ ಹಾಕಿ ಕೆಲಸ ಮಾಡುತ್ತಿದ್ದಾಗ ಈ ಸುಳಿಯನ್ನ ದೋಷ ಅನ್ನುತ್ತಿದ್ದೆವು. ಗಿರಾಕಿ ಬಂದು ಹಿಂದೆ ಯಾಕೆ ಹೀಗೆ ತಿರುಗಿದೆ, ತಲೆ ಸುತ್ತುತ್ತದೆ ಅಂತ ಜಗಳ ತೆಗೆಯುತ್ತಿದ್ದ. ಈಗ ಅದಕ್ಕೇ ರೊಕ್ಕ ಕೊಡುತ್ತಾರೆ!

ಬೋನಾಳ ಹಕ್ಕಿ, ಸುರಪುರ

ಐದನ್ನೂ ಮಾರಿ ಒಂದು ಉದ್ದನೆ ಲೆನ್ಸ್ ತಗೊಳ್ಳಿ. 50 ಎಂಎಂ ಹಾಕಿಕೊಂಡು ಬೋನಾಳ ಕೆರೆಗೆ ಬಂದರೆ ಹಕ್ಕಿ ಸಾಸಿವೆ ಕಾಳಿನಷ್ಟು ಕಾಣುತ್ತದೆ.

ತೊಗರಿ ಕಣಜ, ಕಲಬುರಗಿ

ಹಕ್ಕಿ ಸರ್, ನಾನು ಹಕ್ಕಿ ತೆಗೆಯುವುದೇ ಇಲ್ಲ.

ಬೋನಾಳ ಹಕ್ಕಿ, ಸುರಪುರ

ಅದಕ್ಕೇ ಐದು 50 ಎಂಎಂ ಆಗಿದ್ದು.

ಭೀಮಾ ದಂಡೆ, ಅಫಜಲಪುರ

ಹಹಹ. ಹಕ್ಕಿ ಸರ್ ಯಾವ ಚರ್ಚೆಗೆ ಬಂದರೂ ಕೊನೆಗೆ ಬೋನಾಳಕ್ಕೆ ಕರೆದುಕೊಂಡು ಹೋಗುತ್ತಾರೆ.

ಕಪ್ಪು ಕಲ್ಲು, ಶಹಾಪುರ

ಯಾರೂ 1.4 ಯುಎಸ್‌ಎಂ ಬಗ್ಗೆ ಮಾತಾಡುತ್ತಿಲ್ಲ, ನಾನು ಹೇಳುತ್ತೇನೆ. ಅದು 1993ರ ಲೆನ್ಸ್. ಹೆಸರು ಯುಎಸ್‌ಎಂ ಅಂತ ಇದ್ದರೂ ಒಳಗಿರುವುದು ದೊಡ್ಡ ರಿಂಗ್ ಯುಎಸ್‌ಎಂ ಅಲ್ಲ, ಸಣ್ಣ ಮೈಕ್ರೋ ಯುಎಸ್‌ಎಂ ಮೋಟರ್. ಫೋಕಸ್ ಮಾಡುವಾಗ ಮುಂದಿನ ಕೊಳವೆ ಹೊರಗೆ ಬರುತ್ತದೆ, ಆಗ ಯಾವುದಕ್ಕಾದರೂ ಬಡಿಯಿತೋ, ಒಳಗಿನ ಭಾಗ ಸೊಟ್ಟಗಾಗಿ ಫೋಕಸ್ ಸಿಕ್ಕಿಕೊಳ್ಳುತ್ತದೆ. ಇದು ಭಾಳ ಮಂದಿಗೆ ಆಗಿದೆ. ಚೀಲಕ್ಕೆ ಹಾಕುವ ಮೊದಲು ಫೋಕಸ್ ಅನಂತಕ್ಕೆ (ಅತಿ ದೂರಕ್ಕೆ) ತಿರುಗಿಸಿ ಕೊಳವೆ ಒಳಗೆ ಕೂಡಿಸಿ, ಹುಡ್ ಹಾಕಿಯೇ ಇಡಿ. ಎಫ್/1.4ರಲ್ಲಿ ತೆಗೆದರೆ ಮಂಜು ಕವಿದ ಹಾಗೆ ಮೆತ್ತಗೆ ಬರುತ್ತದೆ. 2.8ಕ್ಕೆ ತಂದರೆ ಛಲೋ. ಆದರೆ 2.8ಕ್ಕೇ ತರುವುದಾದರೆ 1.4 ಯಾಕೆ, ಎಸ್‌ಟಿಎಂ ಸಾಕಲ್ಲ?

ನನ್ನ ಮತ: 1.4 ಕೊಡಿ, ಎಸ್‌ಟಿಎಂ ಇಡಿ.

ಚೌಬಾರಾ, ಬೀದರ್

ಕಪ್ಪು ಕಲ್ಲು ಸರ್, ನೀವು ಹೇಳಿದ್ದು ಸರಿ, ಆದರೆ ಒಂದು ಸಲ ಬೀದರ್ ಪಕ್ಕದ ಅಷ್ಟೂರಿಗೆ ಬನ್ನಿ. ಬಹಮನಿ ಸುಲ್ತಾನ ಅಹಮದ್ ಶಾಹ್ ವಲಿಯ ಗುಮ್ಮಟದ ಒಳಗೆ ಗೋಡೆ, ಛತ್ತು ತುಂಬ ಬಣ್ಣದ ಚಿತ್ರ. ಬಾಗಿಲಿಂದ ಬರುವ ಬೆಳಕು ಬಿಟ್ಟರೆ ಒಳಗೆ ಕತ್ತಲು. ಪುರಾತತ್ವ ಇಲಾಖೆಯ ಜಾಗ, ಪರವಾನಗಿ ಇಲ್ಲದೆ ಟ್ರೈಪಾಡ್ ಇಡಲು ಬಿಡುವುದಿಲ್ಲ. ಆ ಚಿತ್ರಗಳ ಮೇಲೆ ಫ್ಲಾಶ್ ಹೊಡೆಯುವುದು ನನಗಂತೂ ಸರಿ ಕಾಣುವುದಿಲ್ಲ. ಅಲ್ಲಿ ನಿಂತಾಗ ಎಫ್/1.4 ಬೇಕು ಅನಿಸುತ್ತದೆ.

ಕಪ್ಪು ಕಲ್ಲು, ಶಹಾಪುರ

1.4ಕ್ಕೂ 1.8ಕ್ಕೂ ಇರುವ ಅಂತರ ಒಂದು ಸ್ಟಾಪ್‌ನ (ಬೆಳಕು ಎರಡು ಪಟ್ಟು ಆಗುವ ಅಳತೆ) ಮೂರರಲ್ಲಿ ಎರಡು ಭಾಗ. ಸೆನ್ಸರಿನ ಬೆಳಕಿನ ಸೂಕ್ಷ್ಮತೆ, ಐಎಸ್‌ಒ, 2000 ಇದ್ದದ್ದು 3200 ಮಾಡಿದರೆ ಮುಗಿಯಿತು. 6ಡಿಯಲ್ಲಿ 3200 ಅಂದರೆ ಏನೂ ಅಲ್ಲ. ಮೇಲಾಗಿ ಗುಮ್ಮಟದ ಛತ್ತು ತೆಗೆಯಲು 50 ಎಂಎಂ ಸಾಲುತ್ತದಾ? ಒಂದು ಹೂ ಬರುತ್ತದೆ, ಪೂರ್ತಿ ಛತ್ತು ಬರುವುದಿಲ್ಲ.

ಚೌಬಾರಾ, ಬೀದರ್

ಒಂದು ಹೂ ಸಾಕು ನನಗೆ.

ತೊಗರಿ ಕಣಜ, ಕಲಬುರಗಿ

ನಮ್ಮ ಕೋಟೆಯ ಜಾಮಿ ಮಸೀದಿಯಲ್ಲೂ ಇದೇ ಕಥೆ. 1367ರಲ್ಲಿ ಕಟ್ಟಿದ್ದು. ಉಳಿದ ಕಡೆ ಮಸೀದಿಗೆ ನಡುವೆ ಬಯಲು ಅಂಗಳ ಇರುತ್ತದೆ, ಇಲ್ಲಿ ಪೂರ್ತಿ ಮೇಲೆ ಛಾವಣಿ. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಕಮಾನು. ಬೆಳಕು ಅಂಚಿನಿಂದ ಒಳಗೆ ಬರುತ್ತಾ ಕಡಿಮೆ ಆಗುತ್ತಾ ಹೋಗುತ್ತದೆ. 50 ಎಂಎಂನಲ್ಲಿ ಕಮಾನಿನ ಸಾಲನ್ನ ಒಂದರ ಮೇಲೊಂದು ಕೂಡಿಸಿ ತೆಗೆಯಬಹುದು, ಅದು ಚೆನ್ನಾಗಿ ಬರುತ್ತದೆ. ಪೂರ್ತಿ ಹಾಲ್ ಬೇಕು ಅಂದರೆ ಬೆನ್ನು ಗೋಡೆಗೆ ಹಚ್ಚಿ ನಿಂತರೂ ಆಗುವುದಿಲ್ಲ.

ಸುಸಲಾ ಮಿರ್ಚಿ, ಕಲಬುರಗಿ

ಬೀದರ್‌ನವರು ನಮ್ಮ ಮಸೀದಿ ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ ಈಗ.

ಚೌಬಾರಾ, ಬೀದರ್

ಬಹಮನಿ ರಾಜಧಾನಿಯನ್ನೇ ನಿಮ್ಮಿಂದ ಇಲ್ಲಿಗೆ ತಂದು ಆರುನೂರು ವರ್ಷ ಆಯಿತು, ಇನ್ನೇನು ಹೊಟ್ಟೆ ಉರಿ.

ಸುಸಲಾ ಮಿರ್ಚಿ, ಕಲಬುರಗಿ

ರಾಜಧಾನಿ ಒಯ್ದಿರಿ, ನಮ್ಮ ಸುಸಲಾ ಮಿರ್ಚಿ ತಿಂಡಿ ಒಯ್ಯಲು ಆಗಲಿಲ್ಲ.

ಬಿದರಿ ಬೆಳಕು, ಬೀದರ್

ಜಗಳ ಆಮೇಲೆ ಆಡಿ. ಎಸ್‌ಟಿಎಂ ಬಗ್ಗೆ ನನ್ನದೂ ಒಂದು ಮಾತು. ನಾನು ಬಿದರಿ ಸಾಮಾನಿನ ಫೋಟೋ ತೆಗೆಯುತ್ತೇನೆ, ಆನ್‌ಲೈನ್ ಮಾರಾಟಕ್ಕೆ. ಹೂಜಿ, ಹುಕ್ಕಾ, ಕಡಗ, ಡಬ್ಬಿ. ಕಪ್ಪು ಮೈ ಮೇಲೆ ಬೆಳ್ಳಿ ತಂತಿಯ ಬಳ್ಳಿ. ಸತು ತಾಮ್ರದ ಮಿಶ್ರಣವನ್ನ ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡುತ್ತಾರೆ ಅಲ್ವಾ, ಆ ಕಪ್ಪು ಬೆಳಕನ್ನೆಲ್ಲ ನುಂಗುತ್ತದೆ. ಪಕ್ಕದಲ್ಲೇ ಇರುವ ಬೆಳ್ಳಿ ಇಡೀ ಕೋಣೆಯನ್ನ ತೋರಿಸುತ್ತದೆ, ನನ್ನ ಮುಖ ಸೇರಿ. ಕ್ಯಾಮೆರಾದ ಮೀಟರ್ ಕಪ್ಪು ನೋಡಿ ಹೆದರಿ ಜಾಸ್ತಿ ಬೆಳಕು ತಗೊಳ್ಳುತ್ತದೆ, ಕಪ್ಪು ಬೂದಿ ಬಣ್ಣ ಆಗುತ್ತದೆ. ಹಾಗಾಗಿ ಒಂದು ಒಂದೂವರೆ ಸ್ಟಾಪ್ ಕಡಿಮೆ ಮಾಡಿಯೇ ತೆಗೆಯುವುದು. ಪೋಲರೈಸರ್ ಫಿಲ್ಟರ್ ಹಾಕಿ ಅಂತ ತುಂಬ ಜನ ಸಲಹೆ ಕೊಡುತ್ತಾರೆ. ಗಾಜು, ನೀರಿನ ಹೊಳಪು ಅದರಿಂದ ಹೋಗುತ್ತದೆ, ಬರೀ ಲೋಹದ ಹೊಳಪು ಹೋಗುವುದಿಲ್ಲ. ಕಿಟಕಿಗೆ ಬಿಳಿ ಧೋತರ ಕಟ್ಟಿ, ಇನ್ನೊಂದು ಬದಿಗೆ ಥರ್ಮೋಕೋಲ್ ನಿಲ್ಲಿಸಿದರೆ ಬೆಳ್ಳಿಯಲ್ಲಿ ಬರೀ ಬಿಳಿಯೇ ಕಾಣುತ್ತದೆ. ಅಷ್ಟೇ ಗುಟ್ಟು.

ಈ ಕೆಲಸಕ್ಕೆ ಎಸ್‌ಟಿಎಂ ತಕ್ಕಮಟ್ಟಿಗೆ ಸಾಕು, ಅದು ವಸ್ತುವನ್ನ ಸೆನ್ಸರ್ ಮೇಲೆ ಹೆಚ್ಚೆಂದರೆ ನಿಜ ಗಾತ್ರದ 0.21 ಪಟ್ಟು ಮೂಡಿಸುತ್ತದೆ. 1.4 ಯುಎಸ್‌ಎಂ ಮತ್ತು ಹಳೇ ಪ್ಲಾಸ್ಟಿಕ್ 0.15 ಪಟ್ಟು ಮಾತ್ರ. ಕಡಗದ ಸಣ್ಣ ಕೆತ್ತನೆ ಬೇಕಾದರೆ ಲೆನ್ಸ್, ಕ್ಯಾಮೆರಾ ನಡುವೆ ಎಕ್ಸ್‌ಟೆನ್ಶನ್ ಟ್ಯೂಬ್ ಅನ್ನುವ ಟೊಳ್ಳು ಕೊಳವೆ ಹಾಕುತ್ತೇನೆ. ವಿದ್ಯುತ್ ಸಂಪರ್ಕ ಇರುವ ಟ್ಯೂಬೇ ಬೇಕು. ಎಸ್‌ಟಿಎಂನ ಫೋಕಸ್ ರಿಂಗು ಕೈಯಿಂದ ತಿರುಗಿಸಿದರೂ ಒಳಗೆ ಮೋಟರೇ ನಡೆಸುವುದು. ಕರೆಂಟ್ ಸಿಗದಿದ್ದರೆ ರಿಂಗು ಸುಮ್ನೆ ತಿರುಗುತ್ತಿರುತ್ತದೆ, ಏನೂ ಆಗುವುದಿಲ್ಲ.

ಹೊಸ ಕ್ಯಾಮೆರಾ, ಸೇಡಂ

ಅಕ್ಕಾ, ಧೋತರದ ಉಪಾಯ ಬರೆದಿಟ್ಟುಕೊಂಡೆ. ನಮ್ಮ ಮನೆಯಲ್ಲಿ ಬೆಳ್ಳಿ ಸಾಮಾನು ತೆಗೆದಾಗಲೆಲ್ಲ ಅದರಲ್ಲಿ ಫ್ಯಾನ್ ಕಾಣುತ್ತದೆ.

ಸ್ಟುಡಿಯೋ ಕಾಕಾ, ಯಾದಗಿರಿ

ಈಗ ಟಕುಮಾರ್ ಮಾತಿಗೆ ಬರೋಣ. ಚಹಾದ ಬಣ್ಣ ಅಂದಿರಲ್ಲ, ಅದು ಕೊಳೆ ಅಲ್ಲ. ಆ ಲೆನ್ಸಿನ ಗಾಜಿನಲ್ಲಿ ಥೋರಿಯಂ ಹಾಕಿದ್ದಾರೆ, ಬೆಳಕು ಜಾಸ್ತಿ ಬಾಗಲಿ ಅಂತ. ಥೋರಿಯಂ ವಿಕಿರಣದಿಂದ ಗಾಜೇ ವರ್ಷಾನುಗಟ್ಟಲೆ ಹಳದಿ ಆಗುತ್ತಾ ಬರುತ್ತದೆ. ಬಿಸಿಲಿಗೆ ಇಟ್ಟರೆ ಹೋಗುತ್ತದೆ. ಅತಿನೇರಳೆ ಬೆಳಕು ಬೇಕು ಅಷ್ಟೇ.

ಭೀಮಾ ದಂಡೆ, ಅಫಜಲಪುರ

ವಿಕಿರಣ!! ಮನೆಯಲ್ಲಿ ಮಕ್ಕಳಿದ್ದಾರೆ ಅಂದಿರಿ ಅಣ್ಣಾ, ಮೊದಲು ಅದನ್ನ ಹೊರಗೆ ಹಾಕಿ.

ಕಪ್ಪು ಕಲ್ಲು, ಶಹಾಪುರ

ಅಷ್ಟು ಗಾಬರಿ ಬೇಡ. ಚೀಲದಲ್ಲಿಟ್ಟು ಫೋಟೋ ತೆಗೆಯುವುದರಿಂದ ಬೀಳುವ ಪ್ರಮಾಣ ಭಾಳ ಕಡಿಮೆ. ಗಾಜನ್ನ ಉಜ್ಜಿ ಪುಡಿ ಮಾಡಬಾರದು, ಒಡೆದರೆ ಪುಡಿ ಕೈಯಲ್ಲಿ ಮುಟ್ಟಬಾರದು, ಮಲಗುವ ಹಾಸಿಗೆ ಪಕ್ಕ ವರ್ಷಗಟ್ಟಲೆ ಇಡಬಾರದು. ಇಷ್ಟು ನೋಡಿಕೊಂಡರೆ ಸಾಕು. ಮತ್ತೆ ಎಲ್ಲ ಟಕುಮಾರಿನಲ್ಲೂ ಥೋರಿಯಂ ಇಲ್ಲ. 50 ಎಫ್/1.4ರಲ್ಲಿ ಶುರುವಿನದು ಎಂಟು ಗಾಜಿನದು, ಅದರಲ್ಲಿ ಇಲ್ಲ. ಆಮೇಲೆ ಬಂದ ಏಳು ಗಾಜಿನದರಲ್ಲಿ ಇದೆ. ಹಳದಿ ಆಗಿದೆ ಅಂದರೆ ಇವರದು ಏಳರದ್ದೇ.

ತೊಗರಿ ಕಣಜ, ಕಲಬುರಗಿ

ಬಿಸಿಲಿಗೆ ಇಡುವುದಾದರೆ ಕಲಬುರಗಿಯಲ್ಲಿ ಬಿಸಿಲಿಗೆ ಬರ ಇಲ್ಲ. ಮಾಳಿಗೆ ಮೇಲೆ ಇಟ್ಟುಬಿಡಲಾ?

ಸ್ಟುಡಿಯೋ ಕಾಕಾ, ಯಾದಗಿರಿ

ಮಾಳಿಗೆ ಮೇಲೆ ಬೇಡ ಮಾರಾಯಾ! ಎರಡು ಅಪಾಯ ಇವೆ. ಒಂದು, ನಮ್ಮ ಬಿಸಿಲಿಗೆ ಲೋಹದ ಲೆನ್ಸ್ ಕಾದು ಒಳಗಿನ ಗ್ರೀಸ್ ಕರಗಿ ಅಪರ್ಚರ್ ಪಟ್ಟಿ ಮೇಲೆ ಎಣ್ಣೆ ಹರಿಯುತ್ತದೆ. ಆಮೇಲೆ ಪಟ್ಟಿ ಅಂಟಿಕೊಂಡು ತೆರೆಯುವುದಿಲ್ಲ, ಮುಚ್ಚುವುದಿಲ್ಲ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಲೆನ್ಸ್ ಬಿಟ್ಟವರಿಗೆ ಆಗುವುದೂ ಇದೇ. ಎರಡು, ದೊಡ್ಡ ಗಾಜು ಬಿಸಿಲನ್ನ ಒಂದೇ ಕಡೆ ಕೂಡಿಸಿ ಬೆಂಕಿ ಹಚ್ಚಬಲ್ಲದು. ಪರದೆ, ಹಾಸಿಗೆ, ಒಣಗಿದ ಕಸ ಯಾವುದೂ ಹತ್ತಿರ ಇರಬಾರದು.

ಚಳಿಗಾಲದ ಬೆಳಗಿನ ಬಿಸಿಲಾದರೆ ನಡೆಯುತ್ತದೆ. ಹಿಂದಿನ ಬದಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಅಪರ್ಚರ್ ಪೂರ್ತಿ ತೆರೆದು ಇಡಿ, ಕಣ್ಣಳತೆಯಲ್ಲೇ ಇರಲಿ.

ಬಿದರಿ ಬೆಳಕು, ಬೀದರ್

ಬಿಸಿಲೇ ಯಾಕೆ? ಬ್ಯೂಟಿ ಪಾರ್ಲರಿನಲ್ಲಿ ಉಗುರಿನ ಬಣ್ಣ ಒಣಗಿಸುವ ಯುವಿ ದೀಪ ಇರುತ್ತದಲ್ಲ, ಅದು ಸಾಕು. ನನ್ನ ತಂಗಿಯ ದೀಪದಲ್ಲಿ ನಮ್ಮ ತಂದೆಯ 55 ಎಫ್/1.8 ಟಕುಮಾರ್ ಇಟ್ಟಿದ್ದೆ, ಅದೂ ಹಳದಿ ಆಗಿತ್ತು. ಒಂದೇ ದಿನಕ್ಕೆ ಹೋಗುವುದಿಲ್ಲ, ದಿನಾ ಸ್ವಲ್ಪ ಸ್ವಲ್ಪ ಇಡಬೇಕು. ಬಿಳಿ ಕಾಗದದ ಮೇಲೆ ಇಟ್ಟು ನೋಡಿದರೆ ಎಷ್ಟು ತಿಳಿ ಆಯಿತು ಅಂತ ಗೊತ್ತಾಗುತ್ತದೆ. ದೀಪವನ್ನ ಮಾತ್ರ ನೇರವಾಗಿ ನೋಡಬೇಡಿ. ಟೈಮರ್ ಮುಗಿದಾಗಲೆಲ್ಲ ಮತ್ತೆ ಒತ್ತಬೇಕು, ಅದೊಂದು ತಲೆನೋವು.

ಸುಸಲಾ ಮಿರ್ಚಿ, ಕಲಬುರಗಿ

ಪಾರ್ಲರಿಗೆ ಹೋಗಿ ಲೆನ್ಸಿಗೆ ನೇಲ್ ಪಾಲಿಶ್ ಮಾಡಿಸಿಕೊಂಡು ಬರುವ ದೃಶ್ಯ ನೆನಪಿಸಿಕೊಂಡು ನಗುತ್ತಿದ್ದೇನೆ.

ಚೌಬಾರಾ, ಬೀದರ್

ತೊಗರಿ ಕಣಜ, ಟಕುಮಾರ್ ವಿಷಯದಲ್ಲಿ ಇನ್ನೊಂದು. ಫುಲ್ ಫ್ರೇಮ್ ಕೆನಾನ್‌ನಲ್ಲಿ ಕೆಲವು ಎಂ42 ಲೆನ್ಸ್ ದೂರಕ್ಕೆ ಫೋಕಸ್ ಮಾಡಿದಾಗ ಹಿಂಭಾಗ ಒಳಗೆ ಬಂದು ಕ್ಯಾಮೆರಾ ಒಳಗಿನ ಕನ್ನಡಿಗೆ ತಾಗುತ್ತದೆ. 50 ಎಫ್/1.4 ಟಕುಮಾರಿಗೆ ಆ ಹೆಸರಿದೆ. ನಿಮ್ಮದರಲ್ಲಿ ತಾಗುತ್ತಿದೆಯಾ?

ತೊಗರಿ ಕಣಜ, ಕಲಬುರಗಿ

ಅನಂತಕ್ಕೆ ಹೋದಾಗ ಟಕ್ ಅಂತ ಸದ್ದು ಬಂದು ಕ್ಯಾಮೆರಾ ನಿಲ್ಲುತ್ತದೆ. ಅಡಾಪ್ಟರ್ ಕೆಟ್ಟಿದೆ ಅಂದುಕೊಂಡಿದ್ದೆ. ಹಾಗಾದರೆ ಅದು ಕನ್ನಡಿಯಾ?

ಚೌಬಾರಾ, ಬೀದರ್

ಕನ್ನಡಿಯೇ. ದಯವಿಟ್ಟು ಇನ್ನೊಂದು ಸಲ ಹಾಗೆ ಮಾಡಬೇಡಿ. ಹಿಂದಿನ ಪರದೆಯಲ್ಲಿ ನೋಡುವ ಲೈವ್ ವ್ಯೂ ಹಾಕಿದರೆ ಕನ್ನಡಿ ಮೇಲೇ ಇರುತ್ತದೆ, ಆಗ ತೆಗೆಯಬಹುದು. ಆದರೆ ಲೈವ್ ವ್ಯೂ ಮುಚ್ಚುವ ಮೊದಲು ಫೋಕಸನ್ನ ಹತ್ತಿರಕ್ಕೆ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಕನ್ನಡಿ ಕೆಳಗೆ ಬರುವಾಗ ಬಡಿಯುತ್ತದೆ. ಇಷ್ಟೆಲ್ಲ ಪಡಿಪಾಟಲು ಬೇಕಾ ನಿಮಗೆ? ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಇದ್ದವರ ಕೈಯಲ್ಲಿ ಆ ಲೆನ್ಸ್ ಸುಖವಾಗಿರುತ್ತದೆ.

ನಿಕಾನ್ ಅಭಿಮಾನಿ, ಹುಮನಾಬಾದ್

ನಾನು ತಗೊಳ್ಳುತ್ತೇನೆ. ನನ್ನ ಹತ್ತಿರ ನಿಕಾನ್ ಡಿ7200 ಇದೆ.

ಕಪ್ಪು ಕಲ್ಲು, ಶಹಾಪುರ

ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಂ42 ಆಗಿಬರುವುದಿಲ್ಲ ಸರ್. ನಿಕಾನ್ ಎಫ್ ಮೌಂಟಿನಿಂದ ಸೆನ್ಸರಿಗೆ 46.5 ಮಿಲಿಮೀಟರ್, ಎಂ42ಗೆ ಬೇಕಾಗಿದ್ದು 45.46. ಲೆನ್ಸ್ ಹೊರಗೆ ಉಳಿದುಬಿಡುತ್ತದೆ, ದೂರದ್ದು ಯಾವತ್ತೂ ಸ್ಪಷ್ಟ ಬರುವುದಿಲ್ಲ. ನಡುವೆ ಗಾಜು ಇರುವ ಅಡಾಪ್ಟರ್ ಸಿಗುತ್ತದೆ, ಆದರೆ ಅದು ಕಡಿಮೆ ರೊಕ್ಕದ್ದಾದರೆ ಒಳ್ಳೇ ಲೆನ್ಸನ್ನೂ ಹಾಳು ಮಾಡುತ್ತದೆ. ಕೆನಾನ್ ಇಎಫ್ 44 ಮಿಲಿಮೀಟರ್, ಹಾಗಾಗಿ ಅವರಿಗೆ ಬರೀ ಒಂದು ಲೋಹದ ಉಂಗುರ ಸಾಕು.

ನಿಕಾನ್ ಅಭಿಮಾನಿ, ಹುಮನಾಬಾದ್

ಒಂದು ಮಿಲಿಮೀಟರಿಗೆ ಇಷ್ಟೊಂದಾ! ಬಿಡಿ ಹಾಗಾದರೆ. ನನ್ನ 50 ಎಫ್/1.8ಡಿಯೇ ಇರಲಿ. ಅಂದಹಾಗೆ ಅದನ್ನ ಡಿ3000, ಡಿ5000 ಸಾಲಿನವರು ತಗೊಳ್ಳಬೇಡಿ. ಆ ಕ್ಯಾಮೆರಾಗಳಲ್ಲಿ ಮೋಟರ್ ಇಲ್ಲ, ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಅಂಗಡಿಯವರು ಇದನ್ನ ಹೇಳುವುದಿಲ್ಲ.

ಜಾತ್ರೆ ಜಂಗುಳಿ, ಕಲಬುರಗಿ

ನಾನು ಹೇಳುವುದು ಬೇರೆ. ಜಾತ್ರೆ ಅಂದಿರಲ್ಲ. ಶರಣಬಸವೇಶ್ವರ ಜಾತ್ರೆಯ ರಥ ಎಳೆಯುವಾಗ ಜನರ ನಡುವೆ ಸಿಕ್ಕಿಕೊಂಡು ಯಾರು ಕೈಯಿಂದ ಫೋಕಸ್ ಮಾಡುತ್ತಾರೆ? ನೂಕುತ್ತಾರೆ, ಖಾರೀಕು ಬಾಳೆಹಣ್ಣು ತಲೆ ಮೇಲೆ ಬೀಳುತ್ತದೆ. ಅಲ್ಲಿ ಆಟೋಫೋಕಸ್ ಬೇಕೇ ಬೇಕು, ಲೆನ್ಸ್ ಬದಲಾಯಿಸುವ ಮಾತೇ ಇಲ್ಲ. ಧೂಳು ಒಳಗೆ ಹೊಕ್ಕರೆ ಸೆನ್ಸರ್ ಮೇಲೆ ಚುಕ್ಕಿ. ಒಂದೇ ಲೆನ್ಸ್ ಹಾಕಿಕೊಂಡು ಹೋಗಿ ಅದರಲ್ಲೇ ಮುಗಿಸಿ ಬರಬೇಕು. ಆ ಒಂದು ಲೆನ್ಸ್ ಕಡಿಮೆ ಬೆಲೆಯದ್ದಾಗಿದ್ದರೆ ಇನ್ನೂ ಛಲೋ, ಜೀವ ಹಗುರ ಇರುತ್ತದೆ.

ಅಂದರೆ ನಾನು ಪ್ಲಾಸ್ಟಿಕ್ 1.8 ಪರ! ಬೈಯಬೇಡಿ.

ಚೌಬಾರಾ, ಬೀದರ್

ಬೈಯುವುದಿಲ್ಲ, ಆದರೆ ಜಾತ್ರೆಗೆ ಎಸ್‌ಟಿಎಂ ಒಯ್ದರೂ ಅದೇ ಆಗುತ್ತದಲ್ಲ?

ಜಾತ್ರೆ ಜಂಗುಳಿ, ಕಲಬುರಗಿ

ಎಸ್‌ಟಿಎಂ ಬಿದ್ದರೆ ಹೊಟ್ಟೆ ಉರಿಯುತ್ತದೆ, ಪ್ಲಾಸ್ಟಿಕ್ ಬಿದ್ದರೆ ಉರಿಯುವುದಿಲ್ಲ. ವ್ಯತ್ಯಾಸ ಅಷ್ಟೇ.

ಕಪ್ಪು ಕಲ್ಲು, ಶಹಾಪುರ

ಇದೇ ವಾದ ಮಾಡುತ್ತಾ ಹೋದರೆ ಐದಕ್ಕೂ ಒಂದೊಂದು ಕಾರಣ ಸಿಗುತ್ತದೆ. ಜಾತ್ರೆಗೊಂದು, ಗುಮ್ಮಟಕ್ಕೊಂದು, ಬೇವಿನ ಮರಕ್ಕೊಂದು. ತೊಗರಿ ಕಣಜ ಸರ್, ಒಂದು ಕೆಲಸ ಮಾಡಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಮಗುವನ್ನ ಕೂಡಿಸಿ, ಐದರಲ್ಲೂ ಎಫ್/2ಕ್ಕೆ ಒಂದೊಂದು ತೆಗೆಯಿರಿ. ಲೆನ್ಸಿನ ಹೆಸರು ಹೇಳದೆ ಮನೆಯವರಿಗೆ ತೋರಿಸಿ. ಅವರು ಗುರುತು ಹಿಡಿಯಲಾಗದ ಲೆನ್ಸೆಲ್ಲ ಒಂದೇ ಲೆನ್ಸು ಅಂತ ಲೆಕ್ಕ.

ತೊಗರಿ ಕಣಜ, ಕಲಬುರಗಿ

ಮಾಡಿದೆ ಸರ್. ಐದೂ ಫೋಟೋ ಟಿವಿಗೆ ಹಾಕಿ ತೋರಿಸಿದೆ. ಮೂರು ಕೆನಾನ್ ಲೆನ್ಸಿನವು ಒಂದೇ ಅಂದರು, ಖರೆ ಹೇಳಬೇಕಂದರೆ ನನಗೂ ಗೊತ್ತಾಗಲಿಲ್ಲ. ಹೀಲಿಯೋಸ್ ಕೂಡಲೇ ಗೊತ್ತಾಯಿತು. ಟಕುಮಾರ್ ನೋಡಿ ಮಗುವಿಗೆ ಕಾಮಾಲೆ ಆದ ಹಾಗಿದೆ ಅಂದರು. ನಮ್ಮ ತಾಯಿ ಹೀಲಿಯೋಸಿನದನ್ನೇ ಕಟ್ಟು ಹಾಕಿಸು ಅಂದರು.

ಟಾರ್ಚ್ ಬಿಟ್ಟೂ ನೋಡಿದೆ ಕಾಕಾ. 1.4 ಯುಎಸ್‌ಎಂ ಒಳಗೆ ಅಂಚಿನಲ್ಲಿ ಸಣ್ಣ ಬಿಳಿ ಎಳೆ ಇದೆ. ಉಳಿದವು ಸ್ವಚ್ಛ.

ಸ್ಟುಡಿಯೋ ಕಾಕಾ, ಯಾದಗಿರಿ

ಅದನ್ನ ಇವತ್ತೇ ಬೇರೆ ಇಡಿ, ಉಳಿದವುಗಳ ಜೊತೆ ಒಂದೇ ಡಬ್ಬಿಯಲ್ಲಿ ಬೇಡ. ಅಂಚಿನಲ್ಲೇ ಇದ್ದರೆ ಸ್ವಚ್ಛ ಮಾಡಿಸಬಹುದು. ತಡ ಮಾಡಿದರೆ ಗಾಜಿನ ಲೇಪನ ತಿಂದು ಕಲೆ ಉಳಿದುಬಿಡುತ್ತದೆ. ಕೊಡುವಾಗ ಫಂಗಸ್ ಇದೆ ಅಂತ ಹೇಳಿಯೇ ಕೊಡಿ.

ಚೌಬಾರಾ, ಬೀದರ್

ಹಾಗಾದರೆ ತೀರ್ಮಾನ ಆಯಿತಲ್ಲ. ಎಸ್‌ಟಿಎಂ, ಹೀಲಿಯೋಸ್. ಎರಡಕ್ಕೂ ಫಿಲ್ಟರ್ ಅಳತೆ 49, ಒಂದೇ ಫಿಲ್ಟರ್ ಸಾಕು. 1.4ಕ್ಕೆ 58 ಬೇಕಿತ್ತು, ಹಳೆಯದಕ್ಕೆ 52.

ಭೀಮಾ ದಂಡೆ, ಅಫಜಲಪುರ

ಟಕುಮಾರೂ 49 ಅಲ್ವಾ?

ಚೌಬಾರಾ, ಬೀದರ್

ಸುಮ್ನಿರಪ್ಪಾ, ಈಗಷ್ಟೇ ಒಂದು ದಾರಿಗೆ ಬಂದಿದ್ದಾರೆ.

ತೊಗರಿ ಕಣಜ, ಕಲಬುರಗಿ

ಎಸ್‌ಟಿಎಂ, ಹೀಲಿಯೋಸ್ ಇಟ್ಟುಕೊಳ್ಳುತ್ತೇನೆ. 1.4 ಸ್ವಚ್ಛ ಮಾಡಿಸಿ ಕೊಟ್ಟವನಿಗೇ ವಾಪಸ್ ಕೇಳಿ ನೋಡುತ್ತೇನೆ, ಬೇಡ ಅಂದರೆ ಮಾರುತ್ತೇನೆ. ಪ್ಲಾಸ್ಟಿಕ್ 1.8 ಯಾರಿಗಾದರೂ ಬೇಕಾ? ಸೇಡಂ ತಮ್ಮಾ, 200ಡಿಗೆ ಕೂಡುತ್ತದೆ.

ಹೊಸ ಕ್ಯಾಮೆರಾ, ಸೇಡಂ

ಬೇಕು ಅಣ್ಣಾ! ನನ್ನ ಕ್ಯಾಮೆರಾದಲ್ಲಿ 50 ಹಾಕಿದರೆ 80ರ ಹಾಗೆ ಕಾಣುತ್ತದೆ ಅಂತ ಓದಿದ್ದೇನೆ, ಅದು ಖರೇನಾ?

ತೊಗರಿ ಕಣಜ, ಕಲಬುರಗಿ

ಹೌದು, ಮುಖ ತೆಗೆಯಲು ಛಲೋ, ಸಣ್ಣ ಕೋಣೆಯಲ್ಲಿ ಇಕ್ಕಟ್ಟು. ರವಿವಾರ ಸೂಪರ್ ಮಾರ್ಕೆಟ್ ಕಡೆ ಬಂದರೆ ನಿನ್ನ ಕ್ಯಾಮೆರಾಕ್ಕೆ ಹಾಕಿ ನೋಡಿಯೇ ತಗೊಂಡು ಹೋಗು. ರೊಕ್ಕದ ಮಾತು ಆಮೇಲೆ.

ಬಿದರಿ ಬೆಳಕು, ಬೀದರ್

ಟಕುಮಾರ್ ನನಗೆ ಕೊಡುತ್ತೀರಾ? ನನ್ನದು ಮಿರರ್‌ಲೆಸ್, ಕನ್ನಡಿ ತಾಗುವ ಭಯ ಇಲ್ಲ. ತಂಗಿಯ ದೀಪವೂ ಇದೆ.

ತೊಗರಿ ಕಣಜ, ಕಲಬುರಗಿ

ಕೊಡುತ್ತೇನೆ ಮೇಡಂ. ಬೀದರ್ ಗಾಡಿಗೆ ಬರುವ ಗೆಳೆಯರಿದ್ದಾರೆ, ಅವರ ಕೈಯಲ್ಲಿ ಕಳಿಸಲಾ?

ಬಿದರಿ ಬೆಳಕು, ಬೀದರ್

ಕಳಿಸಿ. ಹಿಂದಿನ ಮುಚ್ಚಳ ಇದೆಯಾ? ಎಂ42 ಮುಚ್ಚಳ ಇಲ್ಲಿ ಸಿಗುವುದಿಲ್ಲ.

ಬೋನಾಳ ಹಕ್ಕಿ, ಸುರಪುರ

ಮೂರು ಮಾರಿದ ರೊಕ್ಕ ಏನು ಮಾಡುತ್ತೀರಿ ಸರ್? ನಾನು ಒಂದು 400 ಎಂಎಂ ನೋಡಿಟ್ಟಿದ್ದೇನೆ…

ತೊಗರಿ ಕಣಜ, ಕಲಬುರಗಿ

ವೈಡ್ ಲೆನ್ಸ್ ತಗೊಳ್ಳುತ್ತೇನೆ ಹಕ್ಕಿ ಸರ್. 24 ಎಂಎಂ ಎಫ್/2.8 ಸಾಕಾ, 20 ಬೇಕಾ? ಮಸೀದಿಯ ಹಾಲ್ ಪೂರ್ತಿ ಬರಬೇಕು.

ಕಪ್ಪು ಕಲ್ಲು, ಶಹಾಪುರ

24 ಸಾಕು.

ಚೌಬಾರಾ, ಬೀದರ್

20.